ಗರ್ಭಪರೀಕ್ಷೆ ಕಿಟ್, ಅದರ ಮುಂದಿನ ಆಸ್ಪತ್ರೆ: ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ

ಮೆಡಿಕಲ್ ಶಾಪಿನಲ್ಲಿ ಪ್ರೆಗಾ ನ್ಯೂಸ್, ಐ-ಕ್ಯಾನ್, ವೆಲೋಸಿಟ್ ಸಿಗುತ್ತವೆ. ಆಶಾ ಕಾರ್ಯಕರ್ತೆಯರ ಬಳಿ ಸರ್ಕಾರದ ‘ನಿಶ್ಚಯ್’ ಕಿಟ್ ಪುಕ್ಕಟೆ. ನಾಲ್ಕರ ಒಳಗೂ ಇರುವ ತಂತ್ರ ಒಂದೇ. ಬಸಿರಾದಾಗ ಹುಟ್ಟುವ ಎಚ್‌ಸಿಜಿ ಹಾರ್ಮೋನ್ ಮೂತ್ರದಲ್ಲಿ ಇದ್ದರೆ ಅದು ಪಟ್ಟಿಯಲ್ಲಿರುವ ಆಂಟಿಬಾಡಿಗೆ ಅಂಟಿಕೊಂಡು ಬಣ್ಣದ ಗೆರೆ ಮೂಡಿಸುತ್ತದೆ. ಮೂತ್ರಧಾರೆಗೇ ನೇರ ಹಿಡಿಯುವ ಪೆನ್ನಿನಂಥ ಕಿಟ್‌ಗಳಿಗೆ ಬೆಲೆ ಹೆಚ್ಚು, ಆದರೆ ಅದರಿಂದ ಉಳಿತಾಯವಾಗುವುದು ಡ್ರಾಪರ್ ಹಿಡಿಯುವ ಕೆಲಸ ಮಾತ್ರ. ಹಾಗಾಗಿ ಅಗ್ಗದ್ದನ್ನೇ ಕೊಳ್ಳಿ, ಆದರೆ ಎರಡು ಕೊಳ್ಳಿ. ಎಕ್ಸ್‌ಪೈರಿ ದಿನಾಂಕ ನೋಡಿ, ಪೊಟ್ಟಣ ಎಲ್ಲೂ ತೂತಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ತೇವ ತಗುಲಿದ ಕಾರ್ಡನ್ನು ನಂಬುವಂತಿಲ್ಲ. ಒಳಗಿರುವ ಸಣ್ಣ ಸಿಲಿಕಾ ಪೊಟ್ಟಣ ಇರುವುದೇ ತೇವ ಹೀರಲು, ಅದನ್ನು ಎಸೆಯಿರಿ.

ಡಬ್ಬಿಯ ಮೇಲಿನ ‘ಶೇ. 99 ನಿಖರ’ ಎಂಬ ಮಾತು ಮುಟ್ಟು ತಪ್ಪಿದ ದಿನದಿಂದ ಮುಂದಕ್ಕೆ ಮಾತ್ರ ಲೆಕ್ಕ. ಕಾರ್ಡುಗಳು ಸಾಮಾನ್ಯವಾಗಿ ಮಿಲಿಲೀಟರಿಗೆ 25 ಮಿಲಿ ಯೂನಿಟ್ ಎಚ್‌ಸಿಜಿ ಇದ್ದಾಗ ಹಿಡಿಯುತ್ತವೆ. ಅದಕ್ಕೂ ಮೊದಲೇ ಪರೀಕ್ಷಿಸಿದರೆ ಬಸಿರಿದ್ದರೂ ಒಂದೇ ಗೆರೆ ಬರಬಹುದು. ಮುಟ್ಟು ಏರುಪೇರಾಗುವವರು, ಹಾಲುಣಿಸುತ್ತ ಇನ್ನೂ ಮುಟ್ಟು ಕಾಣದವರು, ತುರ್ತು ಗರ್ಭನಿರೋಧಕ ಐ-ಪಿಲ್ ನುಂಗಿ ತಾರೀಕು ಹಿಂದುಮುಂದಾದವರು ಕೊನೆಯ ಅಸುರಕ್ಷಿತ ಸಂಭೋಗದಿಂದ 21 ದಿನ ಎಣಿಸಿ ಪರೀಕ್ಷಿಸುವುದು ಸರಿ. ‘ಬಾಣಂತಿ, ಮುಟ್ಟೇ ಬಂದಿಲ್ಲ, ಬಸಿರು ಹೇಗೆ ಆಗುತ್ತದೆ’ ಎಂಬ ಧೈರ್ಯ ಬೇಡ. ಮೊದಲ ಮುಟ್ಟಿಗೂ ಮುಂಚೆಯೇ ಅಂಡ ಬಿಡುಗಡೆ ಆಗಬಹುದು.

ಬೆಳಗಿನ ಮೊದಲ ಮೂತ್ರ ಒಳ್ಳೆಯದು, ರಾತ್ರಿಯಿಡೀ ಸಾಂದ್ರವಾಗಿರುತ್ತದೆ. ಸಂಜೆ ಮಾಡಲೇಬೇಕಾದರೆ ಮೂರ್ನಾಲ್ಕು ಗಂಟೆ ಮೂತ್ರ ಹಿಡಿದಿಡಿ. ‘ಬರಲಿ’ ಅಂತ ಚೊಂಬುಗಟ್ಟಲೆ ನೀರು ಕುಡಿದರೆ ಹಾರ್ಮೋನ್ ತೆಳುವಾಗಿ ತಪ್ಪು ನೆಗೆಟಿವ್ ಬರುತ್ತದೆ. ಸೋಪು ಉಳಿದಿರದ ಒಣ ಲೋಟದಲ್ಲಿ ಹಿಡಿಯಿರಿ. ಕಾರ್ಡನ್ನು ಮಟ್ಟವಾದ ಜಾಗದಲ್ಲಿಟ್ಟು, ಚೀಟಿಯಲ್ಲಿ ಹೇಳಿದಷ್ಟೇ ಹನಿಗಳನ್ನು, ಸಾಮಾನ್ಯವಾಗಿ ಮೂರನ್ನು, ಗುಂಡಿಯಲ್ಲಿ ಒಂದೊಂದಾಗಿ ಬಿಡಿ. ಫಲಿತಾಂಶದ ಕಿಟಕಿಗೆ ಹನಿ ಬೀಳಬಾರದು. ಐದು ನಿಮಿಷಕ್ಕೆ ಓದಿ.

ಎಡವಟ್ಟು ಹೆಚ್ಚಾಗುವುದು ಓದುವಾಗ. ಕಾರ್ಡು ಕೆಲಸ ಮಾಡಿದೆ ಎಂದು ತೋರಿಸುವ ‘ಸಿ’ ಗೆರೆ ಬರದಿದ್ದರೆ ಆ ಕಾರ್ಡು ಕೆಟ್ಟದ್ದು, ಬಸಿರು ತೋರಿಸುವ ‘ಟಿ’ ಬಂದಿದ್ದರೂ ಲೆಕ್ಕಕ್ಕಿಲ್ಲ. ‘ಸಿ’ ಜೊತೆಗೆ ‘ಟಿ’ ಮಸುಕಾಗಿ ಬಂದು, ಬಣ್ಣ ಇದ್ದರೆ ಅದು ಪಾಸಿಟಿವ್ ಎಂದೇ ತಿಳಿಯಿರಿ. ತಿಳಿ ಗುಲಾಬಿಯಾದರೂ ಅಷ್ಟೇ. ಹತ್ತು ನಿಮಿಷ ದಾಟಿದ ಮೇಲೆ ಕಾಣುವ ಬಣ್ಣವಿಲ್ಲದ ಬೂದು ಗೆರೆ ಮೂತ್ರ ಆರಿದ ಗುರುತು. ಕಸದ ಬುಟ್ಟಿಯಿಂದ ಕಾರ್ಡು ಎತ್ತಿ ಮತ್ತೆ ನೋಡುವ ಅಭ್ಯಾಸ ಬಿಡಿ, ಅದರಿಂದ ಒಂದು ರಾತ್ರಿಯ ನಿದ್ದೆ ಹಾಳು. ಅನುಮಾನವಿದ್ದರೆ ಎರಡನೆಯ ಕಿಟ್ ಅನ್ನು ಎರಡು–ಮೂರು ದಿನ ಬಿಟ್ಟು ಬೆಳಿಗ್ಗೆ ಬಳಸಿ. ಜ್ವರದ ಮಾತ್ರೆ, ಆಂಟಿಬಯಾಟಿಕ್, ಗರ್ಭನಿರೋಧಕ ಮಾತ್ರೆ ಯಾವುದೂ ಫಲಿತಾಂಶ ಕೆಡಿಸುವುದಿಲ್ಲ. ಬಂಜೆತನದ ಚಿಕಿತ್ಸೆಯ ಎಚ್‌ಸಿಜಿ ಇಂಜೆಕ್ಷನ್ ಮಾತ್ರ ಕೆಡಿಸುತ್ತದೆ. ಇತ್ತೀಚೆಗೆ ಗರ್ಭಪಾತ ಆಗಿದ್ದರೂ ಕೆಲವು ವಾರ ಎರಡು ಗೆರೆ ಬರುತ್ತಲೇ ಇರುತ್ತವೆ.

ಪಾಸಿಟಿವ್ ಬಂದರೆ ಮೊದಲು ವಾರ ಎಣಿಸಿ. ಕಾನೂನು, ಮಾತ್ರೆ, ಸ್ಕ್ಯಾನ್ ಎಲ್ಲವೂ ನಿಂತಿರುವುದು ಅದರ ಮೇಲೆ. ಎಣಿಕೆ ಸಂಭೋಗದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ಮುಟ್ಟು ತಪ್ಪಿದ ದಿನವೇ ನೀವು ನಾಲ್ಕು ವಾರದ ಗರ್ಭಿಣಿ. ಐದು ವಾರದೊಳಗೆ ಸ್ಕ್ಯಾನಿಗೆ ಓಡಿದರೆ ಏನೂ ಕಾಣದೆ ‘ಹತ್ತು ದಿನ ಬಿಟ್ಟು ಬನ್ನಿ’ ಎನ್ನುತ್ತಾರೆ, ದುಡ್ಡು ಎರಡು ಸಲ. ಆರೇಳನೇ ವಾರ ಸರಿಯಾದ ಹೊತ್ತು. ಆದರೆ ಹೊಟ್ಟೆಯ ಒಂದೇ ಬದಿ ಚುಚ್ಚುವ ನೋವು, ಭುಜದ ತುದಿಯಲ್ಲಿ ನೋವು, ರಕ್ತಸ್ರಾವ, ತಲೆಸುತ್ತಿ ಬೀಳುವುದು ಇದ್ದರೆ ಕಾಯಬಾರದು. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿರಬಹುದು. ಆಗ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗವೇ ಗತಿ.

ಮುಂದುವರಿಸುವುದೋ ಬೇಡವೋ ಎನ್ನುವುದು ಆಕೆಯದೇ ನಿರ್ಧಾರ. ಯಾವುದೇ ಆಸ್ಪತ್ರೆ, ಕ್ಲಿನಿಕ್, ‘ಆಪ್ತ ಸಲಹಾ ಕೇಂದ್ರ’ವನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ‘ಗರ್ಭಪಾತಕ್ಕೆ ಗಂಡನ ಸಹಿ ಬೇಕೇ?’ ಬೇಕು ಎಂದರೆ ಅವರಿಗೆ ಕಾನೂನು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಆಟ ಆಡಿಸುತ್ತಿದ್ದಾರೆ. ವೈದ್ಯಕೀಯ ಗರ್ಭಪಾತಕ್ಕೆ ಸಂಬಂಧಿಸಿದ 1971ರ ಎಂಟಿಪಿ ಕಾಯ್ದೆ ಕೇಳುವುದು 18 ತುಂಬಿದ ಮಹಿಳೆಯ ಒಪ್ಪಿಗೆಯನ್ನು ಮಾತ್ರ. 2021ರ ತಿದ್ದುಪಡಿಯ ಬಳಿಕ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸಿರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದನವಾದವರು ಮುಂತಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದೊಂದಿಗೆ 24 ವಾರದವರೆಗೆ ಅವಕಾಶವಿದೆ. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿದೆ. ಗರ್ಭಪಾತ ಮಾಡಿಸಿಕೊಂಡವಳ ಹೆಸರು ಬಯಲು ಮಾಡಿದವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಹುಡುಗಿಗೆ 18 ತುಂಬಿಲ್ಲದಿದ್ದರೆ ಪೋಷಕರ ಒಪ್ಪಿಗೆ ಬೇಕು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದೂ ಕಡ್ಡಾಯ. ಆದರೆ ಆಕೆ ಅಥವಾ ಪೋಷಕರು ಕೋರಿದರೆ ವೈದ್ಯರು ಆ ವರದಿಯಲ್ಲಿ ಅವಳ ಗುರುತು ಹೇಳಬೇಕಿಲ್ಲ ಎಂದು ಅದೇ ತೀರ್ಪು ಹೇಳಿದೆ.

ಖಾಸಗಿ ಆಸ್ಪತ್ರೆಯಾದರೆ ಎಂಟಿಪಿ ಮಾನ್ಯತೆಯ ಪ್ರಮಾಣಪತ್ರ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರಲೇಬೇಕು, ಇಲ್ಲವಾದರೆ ಹೊರಟುಬಿಡಿ. ಸರ್ಕಾರಿ ಆಸ್ಪತ್ರೆಗೆ ಪ್ರತ್ಯೇಕ ಮಾನ್ಯತೆ ಬೇಕಿಲ್ಲ. ಪಿಎಚ್‌ಸಿಯಲ್ಲಿ ಸೇವೆ ಇಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ಕೇಳಿ. ಸಾಲು ಉದ್ದ, ಮಾತು ಒರಟು ಇರಬಹುದು. ಆದರೂ ಖರ್ಚು ಮತ್ತು ಸುರಕ್ಷತೆ ಎರಡನ್ನೂ ತೂಗಿದರೆ ಮೊದಲ ಆಯ್ಕೆ ಅದೇ.

ಒಂಬತ್ತು ವಾರದೊಳಗೆ ಮಾತ್ರೆಯಿಂದ ಗರ್ಭಪಾತ ಸಾಧ್ಯ: 200 ಮಿ.ಗ್ರಾಂ ಮಿಫೆಪ್ರಿಸ್ಟೋನ್ ಒಂದು, 24–48 ಗಂಟೆ ಬಿಟ್ಟು 200 ಮೈಕ್ರೋಗ್ರಾಂನ ಮಿಸೊಪ್ರೊಸ್ಟಾಲ್ ನಾಲ್ಕು. ಇದನ್ನು ವೈದ್ಯರ ಚೀಟಿಯಿಲ್ಲದೆ ಮಾರುವ ಅಂಗಡಿಗೆ ಸೊನ್ನೆ ಅಂಕ. ನಾಳದ ಗರ್ಭಕ್ಕೆ ಈ ಮಾತ್ರೆ ಕೆಲಸ ಮಾಡದು, ರಕ್ತಹೀನತೆ ತೀವ್ರವಾಗಿದ್ದರೆ ಅಪಾಯ, ಎಷ್ಟು ವಾರವೆಂದು ಅಂಗಡಿಯವನು ಕೇಳುವುದೂ ಇಲ್ಲ. ಮಾತ್ರೆ ತೆಗೆದುಕೊಂಡ ಮೇಲೆ ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ಯುವಂತೆ ಸತತ ಎರಡು ಗಂಟೆ ರಕ್ತ ಹೋದರೆ, ಜ್ವರ ಒಂದು ದಿನ ಮೀರಿದರೆ, ಸ್ರಾವ ವಾಸನೆ ಬಂದರೆ ಆಸ್ಪತ್ರೆಗೆ ಹೋಗಬೇಕು. ಎರಡು ವಾರದ ಮರುತಪಾಸಣೆ ತಪ್ಪಿಸಬೇಡಿ. ಪಪ್ಪಾಯಿ, ಅನಾನಸು, ಎಳ್ಳು–ಬೆಲ್ಲ ಇವುಗಳಿಂದ ಗರ್ಭ ಹೋಗುವುದಿಲ್ಲ, ವಾರಗಳು ಹೋಗುತ್ತವೆ. ಮಾತ್ರೆ ಬೇಡವಾದವರಿಗೆ 12 ವಾರದೊಳಗೆ ಗರ್ಭಕೋಶವನ್ನು ಹೀರಿ ಖಾಲಿ ಮಾಡುವ ನಿರ್ವಾತ ವಿಧಾನ (ಎಂವಿಎ) ಇದೆ, ಕೆಲವೇ ನಿಮಿಷದ ಕೆಲಸ. ಗರ್ಭಕೋಶ ಕೆರೆಯುವ ಹಳೆಯ ಡಿ ಅಂಡ್ ಸಿ ಮಾಡುತ್ತೇವೆ ಎಂದರೆ ‘ಎಂವಿಎ ಇಲ್ಲವೇ?’ ಎಂದು ಕೇಳಿ.

ಮುಂದುವರಿಸುವವರು 12 ವಾರದೊಳಗೆ ಆಶಾ ಅಥವಾ ಉಪಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಬೇಕು, ಫೋಲಿಕ್ ಆಸಿಡ್ ಅಂದಿನಿಂದಲೇ ಶುರು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ಹೆತ್ತು ಸಾಕಲಾಗದವರು ಮಗುವನ್ನು ಯಾರ ಕೈಗೋ ಕೊಡಬಾರದು, ಅದು ಅಪರಾಧ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು, ಮನಸ್ಸು ಬದಲಾಯಿಸಲು 60 ದಿನ ಇದೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ 181 ಅಥವಾ 112. ಮನಸ್ಸು ಕುಸಿದಿದ್ದರೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಗರ್ಭಪಾತದ ಬಳಿಕ ಎರಡು ವಾರದೊಳಗೇ ಮತ್ತೆ ಅಂಡ ಬಿಡುಗಡೆ ಆಗಬಹುದು. ಆದ್ದರಿಂದ ಗರ್ಭನಿರೋಧಕದ ಮಾತನ್ನು ಆಸ್ಪತ್ರೆ ಬಿಡುವ ಮುನ್ನವೇ ಮುಗಿಸಿ. ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ, ಕಾಪರ್-ಟಿ ಮೂರೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಿರ್ವಾತ ವಿಧಾನದಲ್ಲಿ ಆಗಿದ್ದರೆ, ಸೋಂಕು ಇಲ್ಲದಿದ್ದಲ್ಲಿ, ಕಾಪರ್-ಟಿಯನ್ನು ಅದೇ ಹೊತ್ತಿಗೆ ಹಾಕಿಸಿಕೊಳ್ಳಬಹುದು.