ಬಲ್ಕ್‌ಫಿಲ್ ತಂದೆ, ನ್ಯಾನೋಹೈಬ್ರಿಡ್ಡಿಗೇ ವಾಪಸ್ ಬಂದೆ

ಹಲ್ಲಿನ ಗುಳಿ ತುಂಬುವ ಕಾಂಪೋಸಿಟ್‌ನಲ್ಲಿ (ಹಲ್ಲಿನ ಬಣ್ಣದ ರೆಸಿನ್) ಬಲ್ಕ್‌ಫಿಲ್ ಅನ್ನುವ ಬಗೆಯನ್ನು ತರಿಸಿದ್ದು ಸಮಯ ಉಳಿಸುವ ಆಸೆಗೆ. ಮಾಮೂಲಿ ಕಾಂಪೋಸಿಟ್ ಆದರೆ 2 ಮಿಲಿಮೀಟರಿನ ಪದರ ಹಾಕಬೇಕು, ಗಟ್ಟಿಯಾಗಲು ಲೈಟ್ ಹಿಡಿಯಬೇಕು, ಮತ್ತೆ ಇನ್ನೊಂದು ಪದರ. ಬಲ್ಕ್‌ಫಿಲ್ 4 ಮಿಲಿಮೀಟರ್ ಒಂದೇ ಸಲಕ್ಕೆ ಗಟ್ಟಿಯಾಗುತ್ತದೆ. ದವಡೆ ಹಲ್ಲಿನ ಆಳದ ಗುಳಿಗಳಲ್ಲಿ ಕೆಲಸ ಬೇಗ ಮುಗಿಯಿತು, ಸುಳ್ಳು ಹೇಳಲ್ಲ. ಆದರೆ ಬೆಳಕು ತಳದವರೆಗೆ ಇಳಿಯಲಿ ಅಂತ ಇದನ್ನು ಸ್ವಲ್ಪ ಜಾಸ್ತಿ ಪಾರದರ್ಶಕವಾಗಿ ಮಾಡಿರುತ್ತಾರೆ. ನಕ್ಕರೆ ಕಾಣುವ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ಒಂದಕ್ಕೆ ಹಾಕಿಬಿಟ್ಟೆ. ಹಲ್ಲಿನ ಗೋಡೆ ಹೋಗಿದ್ದ ಕಡೆ ಬೂದು ನೆರಳು! ಕೊರೆದು ತೆಗೆದು, ದುಡ್ಡು ತೆಗೆದುಕೊಳ್ಳದೆ ಮತ್ತೆ ತುಂಬಿಕೊಟ್ಟೆ. ಆಗ ಕೈ ಹೋಗಿದ್ದು ಹಳೇ ನ್ಯಾನೋಹೈಬ್ರಿಡ್ (ಅತಿ ಸಣ್ಣ ಕಣಗಳ ಜೊತೆ ಸ್ವಲ್ಪ ದೊಡ್ಡ ಕಣಗಳೂ ಇರುವ ಕಾಂಪೋಸಿಟ್) ಸಿರಿಂಜಿಗೇ.

ಮುಂದಿನ ಹಲ್ಲಿಗೆ ಬೇಕಾದ ಹೊಳಪು, ಹಿಂದಿನ ಹಲ್ಲಿಗೆ ಬೇಕಾದ ಗಟ್ಟಿತನ ಎರಡೂ ಇದರಲ್ಲಿವೆ. ಒಂದೇ ರಗಳೆ ಅಂದರೆ ಅಂಟು. ಹಲ್ಲಿಗೆ ಅಂಟು ಅಂದರೆ ಇನ್‌ಸ್ಟ್ರುಮೆಂಟಿಗೆ ಅಂಟುತ್ತದೆ. ಅಂಚಿಗೆ ಒತ್ತಿ, ಕೈ ಎತ್ತಿದರೆ ಕೂದಲೆಳೆಯಷ್ಟು ಜೊತೆಗೇ ಎದ್ದು ಬರುತ್ತದೆ. ಆಗ ಕಣ್ಣಿಗೆ ಕಾಣಲ್ಲ. ಆಮೇಲೆ ಎಕ್ಸ್‌ರೇ ತೆಗೆದರೆ ಫಿಲ್ಲಿಂಗ್ ಕೆಳಗೆ ಕಪ್ಪು ಗೆರೆ, ಅಂದರೆ ಸಂದು.

ಕೆಲವರು ಅಂಟದಿರಲಿ ಅಂತ ಇನ್‌ಸ್ಟ್ರುಮೆಂಟನ್ನು ಬಾಂಡಿಂಗ್ ದ್ರವದಲ್ಲಿ (ಕಾಂಪೋಸಿಟ್ ಹಲ್ಲಿಗೆ ಹಿಡಿಯಲು ಹಚ್ಚುವುದು) ಅದ್ದುತ್ತಾರೆ. ನಾನೂ ಮಾಡುತ್ತಿದ್ದೆ, ಬಿಟ್ಟೆ. ಅದರೊಳಗಿನ ಸಾಲ್ವೆಂಟ್ ಪದರಗಳ ನಡುವೆ ಸೇರುವುದು ನನಗೆ ಇಷ್ಟವಿಲ್ಲ. ಈಗ ಪ್ರತಿ ಸಲ ಸ್ಪಿರಿಟ್ ಹಾಕಿದ ಗಾಜ್ ಬಟ್ಟೆಯಲ್ಲಿ ಇನ್‌ಸ್ಟ್ರುಮೆಂಟಿನ ತುದಿ ಒರೆಸಿ, ಒಣಗಿಸಿಕೊಳ್ಳುತ್ತೇನೆ. ಒತ್ತಿದ ಮೇಲೆ ನೇರ ಎತ್ತಲ್ಲ, ಪಕ್ಕಕ್ಕೆ ಜಾರಿಸಿ ಬಿಡಿಸುತ್ತೇನೆ. ಫ್ರಿಜ್ಜಿನಿಂದ ತೆಗೆದ ಸಿರಿಂಜನ್ನು ಆಗಲೇ ಬಳಸಲೇಬಾರದು. ಚಳಿಗೆ ಬಿಗಿದ ಮೇಣದ ಹಾಗಿರುತ್ತದೆ, ಮೂಲೆಗೆ ಹೋಗುವುದೇ ಇಲ್ಲ. ಕಾಂಪೋಸಿಟನ್ನು 55-60 ಡಿಗ್ರಿಗೆ ಬಿಸಿ ಮಾಡುವ ಹೀಟರ್ ಇದೆ. ಇನ್ನೂ ಕೊಂಡಿಲ್ಲ, ಅರ್ಧ ಗಂಟೆ ಮೊದಲೇ ಸಿರಿಂಜ್ ಹೊರಗಿಟ್ಟು ಸುಧಾರಿಸುತ್ತಿದ್ದೇನೆ.

ಫ್ಲೋವಬಲ್ ಅಂದರೆ ಹರಿಯುವಷ್ಟು ತೆಳು ಕಾಂಪೋಸಿಟ್, ಸೂಜಿಯಿಂದ ಇಳಿದು ಮೂಲೆಮೂಲೆ ಸೇರುತ್ತದೆ, ಆದರೆ ಫಿಲ್ಲರ್ (ಗಟ್ಟಿತನ ಕೊಡುವ ಕಣಗಳು) ಕಡಿಮೆ, ಕುಗ್ಗುವುದು ಜಾಸ್ತಿ. ತಳಕ್ಕೆ ತೆಳುವಾಗಿ ಬಳಿಯುವುದಕ್ಕಷ್ಟೇ ಅದು.

ಬರೀ ಅತಿ ಸಣ್ಣ ಕಣಗಳ ಕಾಂಪೋಸಿಟ್ ಆದ ಮೈಕ್ರೋಫಿಲ್ಲಿನ ಹೊಳಪಿಗೆ ಸಾಟಿಯಿಲ್ಲ, ಜಗಿಯುವ ಹಲ್ಲಿಗೆ ತಾಳಲ್ಲ. ನನ್ನ ಹತ್ತಿರ ಇದ್ದದ್ದು ಅರ್ಧ ಸಿರಿಂಜ್ ಹಾಗೇ ಉಳಿದು ಅವಧಿ ಮುಗಿಯಿತು.

ನನ್ನದು ಒಂದೇ ಕುರ್ಚಿಯ ಕ್ಲಿನಿಕ್, ಗಡಿಬಿಡಿಯಿಲ್ಲ. ಹಾಗಾಗಿ ನ್ಯಾನೋಹೈಬ್ರಿಡ್‌ನಲ್ಲಿ ಎ2, ಎ3, ಎ3.5 ಶೇಡ್ (ಹಲ್ಲಿನ ಬಣ್ಣದ ಗುರುತುಗಳು), ಜೊತೆಗೊಂದು ಫ್ಲೋವಬಲ್ ಸಾಕು. (ಶೇಡ್ ನೋಡುವುದು ಹಲ್ಲು ಒದ್ದೆ ಇರುವಾಗಲೇ, ಒಣಗಿದರೆ ಬೆಳ್ಳಗೆ ಕಾಣಿಸಿ ಮೋಸವಾಗುತ್ತದೆ.) ಉಳಿದ ಬಲ್ಕ್‌ಫಿಲ್ ಈಗ ಹೆಚ್ಚು ಹೊತ್ತು ಬಾಯಿ ತೆರೆದಿಡಲಾಗದವರ ಹಿಂದಿನ ಹಲ್ಲಿಗೆ ಮಾತ್ರ. ಅಲ್ಲೂ ಮೇಲಿನ ಪದರ ನ್ಯಾನೋಹೈಬ್ರಿಡ್ಡೇ.