ಹಾಲೆಂಡ್ ಕೃಷಿ ಪ್ರವಾಸ: ದುಡ್ಡು ಎಂಟು ದಿನದ್ದು, ಉಪಯೋಗ ಎರಡು ಬೆಳಗಿನದು

ಪುಣೆ ಹತ್ತಿರದ ತಳೇಗಾಂವದಲ್ಲಿ ನನ್ನದು ಹತ್ತು ಗುಂಟೆ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ. ಬೆಳೆಯೋದು ಜರ್ಬೆರಾ ಹೂವು. ಊರು ಅಥಣಿ, ಪುಣೆ ಸೇರಿ 16 ವರ್ಷವಾಯಿತು. ಏಪ್ರಿಲ್‌ನಲ್ಲಿ ಇಲ್ಲಿಯದೇ ಒಂದು ಟ್ರಾವೆಲ್ ಕಂಪನಿಯ 'ಕೃಷಿ ಅಧ್ಯಯನ ಪ್ರವಾಸ'ದಲ್ಲಿ ಹಾಲೆಂಡಿಗೆ ಹೋಗಿ ಬಂದೆ. ಎಂಟು ದಿನಕ್ಕೆ ತಲೆಗೆ 2,35,000 ರೂಪಾಯಿ. ಜೊತೆಗೆ ಊರಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಕಾಕಾ.

ಸಿಟ್ಟಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಪಾಂಪ್ಲೆಟ್‌ನಲ್ಲಿ 'ಕೃಷಿ ಶಾಲೆಯಲ್ಲಿ ಎರಡು ದಿನ' ಅಂತ ಇತ್ತು. ಸಿಕ್ಕಿದ್ದು ಒಂದು ಬೆಳಗು. ಇನ್ನೊಂದು, ವಾಗೆನಿಂಗನ್ ವಿಶ್ವವಿದ್ಯಾಲಯ. ಅದು 1876ರಲ್ಲಿ ಕೃಷಿ ಶಾಲೆಯಾಗಿ ಶುರುವಾಗಿದ್ದು. ನಾನು ಮುಖ್ಯವಾಗಿ ಅದಕ್ಕೇ ಹೊರಟಿದ್ದೆ. ಅಲ್ಲಿ ಹೊರಗೇ ಬಸ್ಸು ನಿಲ್ಲಿಸಿ, ಫೋಟೊ ತೆಗೆಸಿ, 'ಚಲಾ ಚಲಾ' ಅಂತ ವಾಪಸ್ ಹತ್ತಿಸಿದರು. ಆಮ್‌ಸ್ಟರ್‌ಡ್ಯಾಮಿನ ವಜ್ರದಂಗಡಿಗೆ ಮಾತ್ರ ಎರಡು ತಾಸು. ಕಾಕಾ ಅಂಗಡಿ ಮೆಟ್ಟಿಲ ಮೇಲೆ ಕೂತು, "ತಮ್ಮಾ, ವಜ್ರಾ ಬಿತ್ತಿದ್ರ ಬೆಳೀತಾವೇನೋ?" ಅಂದರು.

ಊಟಕ್ಕೆ ದೂರಿಲ್ಲ. ಹೋಟೆಲ್ ಸುಮಾರು. ಗೈಡ್ ಮರಾಠಿಯಲ್ಲಿ ಹೇಳುತ್ತಿದ್ದ, ಅಥಣಿಯವರಿಗೆ ಅದೇನು ಹೊಸದಲ್ಲ. ಆದರೆ ಅವನಿಗೆ ಕೃಷಿ ಗೊತ್ತಿರಲಿಲ್ಲ. ಟೊಮ್ಯಾಟೊ ಗಾಜಿನ ಮನೆಯಲ್ಲಿ ಗಿಡಗಳು ಮಣ್ಣಿಲ್ಲದೆ ರಾಕ್‌ವುಲ್ ಮೇಲೆ ನಿಂತಿದ್ದವು. ಅವನು 'ಕಾಪೂಸ್' ಅಂದುಬಿಟ್ಟ. ಅರ್ಧ ಬಸ್ಸು ಹತ್ತಿ ಅಂತಲೇ ತಿಳಿದುಕೊಂಡಿತು. ಅದು ಬಸಾಲ್ಟ್ ಕಲ್ಲು ಕರಗಿಸಿ ತೆಗೆದ ನಾರು. ಬಸಾಲ್ಟ್ ಅಂದರೆ ನಮ್ಮ ಲೋಣಾವಳಾ ಘಾಟಿನ ಅದೇ ಕರಿಕಲ್ಲು!

ಆಲ್ಸ್‌ಮೀರ್ ಹೂವಿನ ಹರಾಜು ಮಾತ್ರ ಕೊಟ್ಟ ದುಡ್ಡಿಗೆ ಬೆಲೆ ಬಂತು ಅನಿಸಿತು. ಬೆಳಗಿನ ಜಾವವೇ ಹೋಗಬೇಕು, ಹೊತ್ತೇರಿದರೆ ಏನೂ ಇರೋದಿಲ್ಲ. ಮೇಲಿನ ಅಟ್ಟಣಿಗೆಯಿಂದ ಕೆಳಗೆ ನೋಡಿದರೆ ಹೂವಿನ ಗಾಡಿಗಳು ರೈಲಿನ ಹಾಗೆ ಒಂದರ ಹಿಂದೆ ಒಂದು. ನಮ್ಮ ಕಡೆ ಸವಾಲ್ ಅಂದರೆ ದರ ಏರುತ್ತಾ ಹೋಗೋದು. ಅಲ್ಲಿ ಗಡಿಯಾರದಂಥ ಪರದೆಯ ಮೇಲೆ ದರ ಹೆಚ್ಚಿನಿಂದ ಕೆಳಕ್ಕೆ ಇಳಿಯುತ್ತದೆ, ಮೊದಲು ಬಟನ್ ಒತ್ತಿದವನಿಗೆ ಮಾಲು. ಇನ್ನೂ ಇಳಿಯಲಿ ಅಂತ ಕಾದರೆ ಇನ್ನೊಬ್ಬ ಹೊಡೆದುಕೊಂಡು ಹೋಗುತ್ತಾನೆ. ಮಾಲು ಯಾರು ಬೆಳೆದದ್ದು, ಗುಣಮಟ್ಟ ಎಂಥದ್ದು, ಎಲ್ಲ ಅಲ್ಲೇ ಕಾಣಿಸುತ್ತದೆ. ನನ್ನ ಹೂವಿನ ದರ ನನಗೆ ಗೊತ್ತಾಗೋದು ಮಾರಾಟದ ಪಟ್ಟಿ ಕೈಗೆ ಬಂದಾಗ.

ಇನ್ನು ಒಂದು ಬೆಳಗು ಸಿಕ್ಕ ಆ ಕೃಷಿ ಶಾಲೆ. ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು. ಕೈಯಲ್ಲಿ ಪುಸ್ತಕವಿಲ್ಲ, ಭೂತಗನ್ನಡಿ. ಗಿಡದ ಸಾಲಿಗೊಂದು ಕೀಟ ಹಿಡಿಯುವ ಹಳದಿ ಅಂಟುಹಾಳೆ ತೂಗುಹಾಕಿದ್ದರು. ಒಬ್ಬಳು ಒಂದು ಹಾಳೆ ಬಿಚ್ಚಿ, ಪೆನ್ನಿನಿಂದ ಚೌಕ ಗೆರೆ ಹಾಕಿ, ಒಂದೊಂದು ಚೌಕದಲ್ಲೂ ಗಿಡದ ರಸ ಹೀರುವ ಬಿಳಿನೊಣ ಎಣಿಸಿ ಬರೆಯುತ್ತಿದ್ದಳು. ಕಳೆದ ವಾರದ ಲೆಕ್ಕ ಪಕ್ಕದಲ್ಲೇ. ಸಂಖ್ಯೆ ಏರಿದ ಮೇಲೇ ಮುಂದಿನ ಮಾತು. ಆಮೇಲೆ ಎಲೆಯೊಂದನ್ನು ತಿರುಗಿಸಿ ತೋರಿಸಿದಳು. ಅಡಿಯಲ್ಲಿ ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು. ಎನ್‌ಕಾರ್ಸಿಯಾ ಅನ್ನೋ ಸಣ್ಣ ಕಣಜ ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುತ್ತದಂತೆ. ಮರಿ ಕಪ್ಪಾಯಿತು ಅಂದರೆ ಒಳಗೆ ಕಣಜ ಬೆಳೆಯುತ್ತಿದೆ ಅಂತ. ಔಷಧಿ ಹೊಡೆದರೆ ಮೊದಲು ಸಾಯೋದೇ ಈ ಕಣಜ.

ನಾನು ಎಂಟು ವರ್ಷದಿಂದ ಅದೇ ಹಳದಿ ಹಾಳೆ ತೂಗುಹಾಕುತ್ತಿದ್ದೇನೆ. ತುಂಬಿದ ಮೇಲೆ ಬಿಸಾಡುತ್ತೇನೆ. ಎಣಿಸಿದ್ದು ಯಾವತ್ತೂ ಇಲ್ಲ. ಕಾಕಾ ಆ ಹುಡುಗಿಯ ಪಕ್ಕದಿಂದ ಕದಲಲೇ ಇಲ್ಲ. ಗೈಡ್ 'ಚಲಾ' ಅಂದಾಗ, "ಹೋಗೋ, ಹೋಗಿ ನಿನ್ನ ವಜ್ರಾ ನೋಡ್ಕೊ" ಅಂತ ಕನ್ನಡದಲ್ಲೇ ಗದರಿದರು.

ಹೋಗುವವರಿದ್ದರೆ ಹೋಗಿ. ಆದರೆ ಅಡ್ವಾನ್ಸ್ ಕೊಡುವ ಮೊದಲೇ ಶಾಲೆಯಲ್ಲಿ ಎಷ್ಟು ತಾಸು ಅಂತ ಬರೆಸಿಕೊಳ್ಳಿ. ಶಾಲೆಯವರಿಂದ ಬಂದ ಒಪ್ಪಿಗೆ ಪತ್ರ ತೋರಿಸಿ ಅನ್ನಿ. ಗೈಡ್‌ಗೆ ಕೃಷಿ ಗೊತ್ತಿದೆಯಾ, ಅದನ್ನೂ ಕೇಳಿ. ನಾನು ಮೂರನ್ನೂ ಕೇಳಲಿಲ್ಲ.

ಐದಕ್ಕೆ ಎರಡೂವರೆ ಸ್ಟಾರ್. ಆ ಅರ್ಧ ಸ್ಟಾರ್ ಹುಡುಗಿಯ ಭೂತಗನ್ನಡಿಗೆ. ಅಂಥದ್ದೇ ಒಂದನ್ನು ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ 180 ರೂಪಾಯಿಗೆ ತಂದಿದ್ದೇನೆ. ಮೊನ್ನೆ ಸೋಮವಾರ ಮೂರನೇ ಸಾಲಿನಲ್ಲಿ 41 ಬಿಳಿನೊಣ. ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು.