ಮೇಕೆಯ ಶ್ವಾಸನಾಳವೋ, ಗಿನಿಪಿಗ್‌ದೋ?

ಆಸ್ತಮಾ ಔಷಧವೊಂದು ಶ್ವಾಸನಾಳದ ಸ್ನಾಯುವನ್ನು ಎಷ್ಟು ಸಡಿಲಿಸುತ್ತದೆ? ಇದನ್ನು ನೋಡಲು ಮಟನ್ ಅಂಗಡಿಯಿಂದ ತಂದ ಮೇಕೆಯ ಶ್ವಾಸನಾಳ ಬಳಸಬಹುದು, ಇಲ್ಲವೇ ಗಿನಿಪಿಗ್‌ನದು. ಎರಡರ ಮೇಲೂ ನಾನು ಕೆಲಸ ಮಾಡಿದ್ದೇನೆ.

ತಯಾರಿ ಹೆಚ್ಚುಕಡಿಮೆ ಒಂದೇ. ಶ್ವಾಸನಾಳ ಮೃದ್ವಸ್ಥಿಯ ಉಂಗುರಗಳ ಸಾಲು, ಸ್ನಾಯು ಇರುವುದು ಉಂಗುರದ ಹಿಂಭಾಗದಲ್ಲಿ ಮಾತ್ರ. ಒಂದು ಉಂಗುರ ಕುಗ್ಗಿದರೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಹಲವು ಉಂಗುರಗಳನ್ನು ದಾರದಿಂದ ಸರವಾಗಿ ಕಟ್ಟಿ, ಆರ್ಗನ್ ಬಾತ್‌ನಲ್ಲಿ (ಅಂಗವನ್ನು ಜೀವಂತವಾಗಿಡುವ ಗಾಜಿನ ಪಾತ್ರೆ) 37 ಡಿಗ್ರಿ ಸೆಲ್ಸಿಯಸ್‌ನ ಕ್ರೆಬ್ಸ್ ಎಂಬ ಲವಣ-ಸಕ್ಕರೆ ದ್ರಾವಣದೊಳಗೆ ಇಳಿಬಿಡುತ್ತೇವೆ. ಆಮ್ಲಜನಕದ ಗುಳ್ಳೆ ನಿಲ್ಲಬಾರದು.

ಮೇಕೆಯದು ಅಗ್ಗ. ಪ್ರಯೋಗಕ್ಕೆಂದೇ ಪ್ರಾಣಿ ಕೊಲ್ಲಬೇಕಿಲ್ಲ, ನನಗೆ ಇದೇ ದೊಡ್ಡ ಸಮಾಧಾನ. ದೊಡ್ಡದಾದ್ದರಿಂದ ಹೊಸಬರೂ ಸಲೀಸಾಗಿ ಕಟ್ಟುತ್ತಾರೆ. ತಣ್ಣನೆಯ ಕ್ರೆಬ್ಸ್‌ನಲ್ಲಿಟ್ಟು ಬೇಗ ತರಬೇಕು, ಅಷ್ಟೇ. ಅಲರ್ಜಿಯಲ್ಲಿ ಹೊರಬರುವ ಹಿಸ್ಟಮಿನ್, ನರಗಳಿಂದ ಬರುವ ಅಸಿಟೈಲ್‌ಕೋಲಿನ್ ಎರಡಕ್ಕೂ ಕುಗ್ಗುತ್ತದೆ. ಆದರೆ ಮೇಕೆಯ ವಯಸ್ಸು, ತಳಿ, ಕಾಯಿಲೆ ಯಾವುದೂ ನಮ್ಮ ಕೈಯಲ್ಲಿಲ್ಲ. ಒಂದು ಸರಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಜಾಸ್ತಿ. ಆಯಾ ಸರದ ಗರಿಷ್ಠ ಕುಗ್ಗುವಿಕೆಯ ಶೇಕಡಾವಾರು ಲೆಕ್ಕವನ್ನೇ ನಂಬಿ.

ಗಿನಿಪಿಗ್‌ನ ನಾಳ ಸಣ್ಣದು, ಕಟ್ಟಲು ತಾಳ್ಮೆ ಬೇಕು. ನೀತಿ ಸಮಿತಿಯ ಒಪ್ಪಿಗೆಯೂ ಬೇಕು. ಆದರೂ ಅಲರ್ಜಿಯ ವಿಷಯಕ್ಕೆ ಬಂದರೆ ನನ್ನ ಆಯ್ಕೆ ಇದೇ. ಪ್ರಾಣಿಗೆ ಮೊದಲೇ ಮೊಟ್ಟೆಯ ಪ್ರೋಟೀನಾದ ಓವಾಲ್ಬುಮಿನ್ ಚುಚ್ಚಿ, ಕೆಲವು ವಾರ ಬಿಟ್ಟು ಶ್ವಾಸನಾಳ ತೆಗೆಯುತ್ತಾರೆ. ಆಮೇಲೆ ಬಾತ್‌ಗೆ ಅದೇ ಪ್ರೋಟೀನ್ ಹಾಕಿದರೆ ಸ್ನಾಯು ತಾನಾಗಿ ಬಿಗಿಯುತ್ತದೆ. ವಿಜ್ಞಾನಿಗಳಾದ ಶುಲ್ಟ್ಸ್ 1910ರ ಹೊತ್ತಿಗೆ, ಡೇಲ್ 1913ರಲ್ಲಿ ಬೇರೆ ಅಂಗಗಳಲ್ಲಿ ತೋರಿಸಿದ ಪ್ರತಿಕ್ರಿಯೆ ಇದು. ಅಂಗಡಿಯ ಮೇಕೆಯಲ್ಲಿ ಇದನ್ನು ಮಾಡಲಾಗದು, ಅದಕ್ಕೆ ಏನು ತಾಗಿತ್ತೋ ಯಾರಿಗೆ ಗೊತ್ತು?

ಇಲ್ಲಿ ಒಂದು ಮುಖ್ಯ ವಿಷಯವಿದೆ. ಹಿಸ್ಟಮಿನ್ ಹಾಕಿ ಕುಗ್ಗಿಸಿದ ಸರದಲ್ಲಿ ಮೆಪಿರಮಿನ್‌ನಂತಹ ಆಂಟಿಹಿಸ್ಟಮಿನ್ ಭಾರೀ ಔಷಧದಂತೆ ಕಾಣುತ್ತದೆ. ಓವಾಲ್ಬುಮಿನ್ ಹಾಕಿದಾಗ ಬಿಗಿತ ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ಸ್ನಾಯು ಬಿಗಿಸುವ ಲ್ಯೂಕೋಟ್ರೀನ್ ಎಂಬ ಬೇರೆ ರಾಸಾಯನಿಕಗಳೂ ಹೊರಬರುತ್ತವೆ. ಮೇಕೆಯಲ್ಲಿ ಹಿಸ್ಟಮಿನ್ ಪರೀಕ್ಷೆ ಮಾಡಿ 'ಆಸ್ತಮಾಗೆ ಒಳ್ಳೆಯದು' ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು, ಅಲರ್ಜನ್ (ಅಲರ್ಜಿ ತರುವ ವಸ್ತು, ಇಲ್ಲಿ ಓವಾಲ್ಬುಮಿನ್) ಬಾತ್‌ಗೆ ಎರಡನೇ ಸಲ ಹಾಕಿದರೆ ಸ್ನಾಯು ಹೆಚ್ಚೇನೂ ಸ್ಪಂದಿಸುವುದಿಲ್ಲ. ಹಾಗಾಗಿ ಒಂದೇ ಪ್ರಾಣಿಯ ನಾಳವನ್ನು ಎರಡು ಸರ ಮಾಡಿ, ಒಂದಕ್ಕೆ ಮಾತ್ರ ಔಷಧ ಹಾಕಿ.

ಮೇಕೆಯದಾಗಲಿ ಗಿನಿಪಿಗ್‌ನದಾಗಲಿ, ಸರಗಳು ಕಫದ ಬಗ್ಗೆ ಏನೂ ಹೇಳುವುದಿಲ್ಲ. ಉದಾಹರಣೆಗೆ ಅಟ್ರೋಪಿನ್ ಎಂಬ ಔಷಧ ಅಸಿಟೈಲ್‌ಕೋಲಿನ್‌ನ ಬಿಗಿತ ಚೆನ್ನಾಗಿ ತಡೆಯುತ್ತದೆ, ಜೊತೆಗೆ ಸ್ರವಿಕೆಯನ್ನೂ ಒಣಗಿಸುತ್ತದೆ; ಎರಡನೆಯದು ಸರದಲ್ಲಿ ಕಾಣುವುದಿಲ್ಲ. ಸ್ರವಿಕೆ ಅಳೆಯಲು ಬಿಳಿ ಇಲಿಯ ಮೇಲೆ ಮಾಡುವ, ಫೀನಾಲ್ ರೆಡ್ ಎಂಬ ಬಣ್ಣದ ವಿಧಾನ ನೋಡಿ. ಹೊಟ್ಟೆಗೆ ಬಣ್ಣ ಚುಚ್ಚಿ, ಅರ್ಧ ಗಂಟೆಯ ನಂತರ ಶ್ವಾಸನಾಳ ತೊಳೆದ ನೀರಿನಲ್ಲಿ ಬಣ್ಣ ಅಳೆಯುತ್ತೇವೆ. ಕಫ ಸಡಿಲಿಸುವ ಆಂಬ್ರಾಕ್ಸಾಲ್ ಕೊಟ್ಟಾಗ ಬಣ್ಣ ಏರುತ್ತದೆ. ಸ್ರವಿಕೆ ಎಷ್ಟು ಎಂದು ತಿಳಿಯುತ್ತದೆ, ಕಫ ಎಷ್ಟು ಅಂಟು ಎಂದು ತಿಳಿಯುವುದಿಲ್ಲ. ಲೋಳೆಯ ಕೋಶಗಳು ಹೆಚ್ಚಿವೆಯೇ ಎಂದು ನೋಡಬೇಕಾದರೆ ಅಲರ್ಜಿ ಬರಿಸಿದ ಇಲಿಯ ಶ್ವಾಸಕೋಶದ ತೆಳು ಪದರಗಳಿಗೆ ಲೋಳೆಯನ್ನು ಎತ್ತಿ ತೋರಿಸುವ ಪಿಎಎಸ್ ಬಣ್ಣ ಹಾಕಿ ನೋಡುವುದೇ ಸರಿ.